ಖಾಲಿ ಗಾಡಿಯ ಸದ್ದು

ಹೊಸ ಲಾರಿಯ ಸೀಟಿಗೆ ಹೊದಿಸಿದ್ದ ಪ್ಲಾಸ್ಟಿಕ್ ಹಾಳೆ ಅವನು ಅಲುಗಾಡಿದಾಗಲೆಲ್ಲ ಕರಕರ ಎನ್ನುತ್ತಿತ್ತು. ಅದನ್ನು ಬಿಟ್ಟರೆ ಬೇರೆ ಸದ್ದಿಲ್ಲ. ಬಾಗಿಲು ಎಳೆದುಕೊಂಡದ್ದೇ ತಡ, ಹೊರಗಿನ ರಸ್ತೆ, ಹಾರ್ನು, ಮೂಲೆಯಲ್ಲಿ ತಿರುಗುತ್ತಿದ್ದ ಫ್ಯಾನು ಎಲ್ಲವೂ ಎಲ್ಲೋ ಹೋಗಿ ಕಿವಿಗೆ ಹತ್ತಿ ಇಟ್ಟುಕೊಂಡ ಹಾಗಾಯಿತು. ಸ್ಟೀರಿಂಗಿನ ಮೇಲೆ ಕೈಯಿಟ್ಟು ಕೂತ. ಅಷ್ಟು ನುಣುಪಾದ ಸ್ಟೀರಿಂಗಿನ ಮೇಲೆ ತನ್ನ ಕೈಗಳು ತನ್ನವಲ್ಲವೇನೋ ಎನ್ನಿಸಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಕೆಳಗೆ ನಿಂತಿದ್ದ ಟೈ ಕಟ್ಟಿದ ಸೇಲ್ಸ್‌ನವನು ಗಾಜಿನಾಚೆ ಬಾಯಿ ಆಡಿಸುತ್ತಲೇ ಇದ್ದ, ಒಂದಕ್ಷರವೂ ಕೇಳಿಸುತ್ತಿರಲಿಲ್ಲ, ಆದರೂ ಇವನು ತಲೆಯಾಡಿಸಿದ. ಒಂದೇ ಲಾರಿಯ ಯಜಮಾನ, ಅದರ ಡ್ರೈವರೂ ತಾನೇ ಆದವನು ಇಪ್ಪತ್ತೆರಡು ವರ್ಷದಲ್ಲಿ ಕಲಿತ ವಿದ್ಯೆಗಳಲ್ಲಿ ಇದೂ ಒಂದು. ಲೋಡಿಂಗ್ ಯಾರ್ಡಿನ ಗುಮಾಸ್ತ, ಫೈನಾನ್ಸಿನವರು, ರಸ್ತೆಯಲ್ಲಿ ಕೈ ಅಡ್ಡ ಹಿಡಿಯುವವರು, ಯಾರೇ ಬಾಯಿ ಆಡಿಸಲಿ, ಮೊದಲು ತಲೆಯಾಡಿಸಿಬಿಡುವುದು. ಅರ್ಥ ಆಮೇಲೆ ನಿಧಾನವಾಗಿ ಬರುತ್ತದೆ, ಬಾರದಿದ್ದರೂ ನಡೆಯುತ್ತದೆ. ಟೈಯವನು ಬಾಗಿಲು ತೆಗೆದ. ‘ಸೌಂಡೇ ಇಲ್ಲ ನೋಡಿ ಸರ್. ಖಾಲಿ ಹೋದ್ರೂ ಅಷ್ಟೇ, ಲೋಡ್ ಇದ್ರೂ ಅಷ್ಟೇ,’ ಅಂದ. ಆ ಹುಡುಗು ಮುಖದವನಿಗೆ ತನ್ನ ನೋವು ಎಲ್ಲಿದೆ ಎಂದು ಹೇಗೆ ಗೊತ್ತಾಯಿತೋ ಎಂದು ಇವನಿಗೆ ಕ್ಷಣಕಾಲ ಗಾಬರಿಯೇ ಆಯಿತು.

ಮೇಜಿನ ಹತ್ತಿರ ಕೂರಿಸಿ ತಣ್ಣನೆಯ ನೀರು ಕೊಟ್ಟರು. ಟೈಯವನ ಮುಂದೆ ಇವನ ಹಳೆಯ ಸಾಲದ ಕಾಗದಗಳ ಜೆರಾಕ್ಸ್ ಆಗಲೇ ಬಂದು ಕೂತಿತ್ತು. ‘ಇನ್ನು ಹನ್ನೊಂದು ಕಂತು ಇದೆ ಸರ್. ಅದನ್ನ ನಾವು ತೀರಿಸ್ತೀವಿ. ನಿಮ್ ಗಾಡಿ ಎಕ್ಸ್‌ಚೇಂಜಿಗೆ ತಗೋತೀವಿ. ಮಿಕ್ಕಿದ್ದಕ್ಕೆ ಹೊಸ ಸಾಲ. ಜಾಮೀನು ಹಳಬರದ್ದೇ ಆದ್ರೆ ಎರಡೇ ದಿನದಲ್ಲಿ ಮುಗಿದುಹೋಗುತ್ತೆ. ಇವ್ರು ನಿಮಗೇನಾಗಬೇಕು ಸರ್?’ ಇವನು ಕಾಗದದ ಮೇಲೆ ಕಣ್ಣಿಟ್ಟ. ಜಾಮೀನುದಾರರ ಸಹಿ ಎಂದಿದ್ದಲ್ಲಿ ಭಾವನ ಅಕ್ಷರಗಳು ಒಂದೊಂದಾಗಿ, ತಡೆದು ತಡೆದು ಬರೆದಂತೆ ನಿಂತಿದ್ದವು. ಪಕ್ಕದಲ್ಲೇ ಒಂದು ಮಸಿ ಗುರುತು. ಸಹಿ ಮಾಡಿದ ದಿನ ಭಾವ ಗ್ರೀಸ್ ಕೈಯಲ್ಲೇ ಕಾಗದ ಹಿಡಿದಿದ್ದ, ಹೆಬ್ಬೆರಳಿನ ಆ ಗುರುತೂ ಜೆರಾಕ್ಸಿನಲ್ಲಿ ಬಂದುಬಿಟ್ಟಿದೆ. ‘ಭಾವ. ಅಕ್ಕನ ಗಂಡ,’ ಅಂದ. ‘ಓ, ಮನೆಯವರೇ ಅನ್ನಿ. ಇವತ್ತೇ ಒಂದು ಸಹಿ ಹಾಕಿಸ್ಕೊಂಡು ಬಂದ್ಬಿಡಿ ಸರ್. ನಾಲ್ಕೂವರೆಗೆ ಗಾಡಿ ನೋಡಿ ಬೆಲೆ ಕಟ್ಟೋರು ಬರ್ತಾರೆ. ಒಳಗಿರೋ ನಿಮ್ ಸಾಮಾನೆಲ್ಲ ತೆಗೆದು ಖಾಲಿ ಮಾಡ್ಕೊಂಡು ತನ್ನಿ. ಸ್ಟೆಪ್ನಿ, ಜಾಕಿ, ಚಕ್ರ ಬಿಚ್ಚೋ ಪಾನಾ ಎಲ್ಲ ಗಾಡಿ ಜೊತೆ ಇರ್ಬೇಕು. ಪಾನಾ ಇದೆ ತಾನೆ?’ ‘ಇದೆ. ಹೋದ ವರ್ಷ ತಗೊಂಡಿದ್ದು, ಹೊಸದೇ. ಹಳೇದು ಕಳೆದುಹೋಯ್ತು.’ ಹಳೆಯದರ ವಿಷಯ ಇವನನ್ನು ಯಾರೂ ಕೇಳಿರಲಿಲ್ಲ. ಕಳೆದುಹೋಯಿತು ಎನ್ನುವ ಮಾತು ಕೂಡ ಹದಿಮೂರು ತಿಂಗಳಲ್ಲಿ ಇವತ್ತೇ ಬಾಯಿಗೆ ಬಂದದ್ದು. ಇಲ್ಲಿಯ ತನಕ ‘ಅಲ್ಲೇ ಉಳ್ಕೊಂಡಿದೆ’ ಅನ್ನುತ್ತಿದ್ದ, ‘ಅಲ್ಲೇ’ ಅನ್ನುವಾಗ ಸ್ವಲ್ಪ ಒತ್ತಿ ಅನ್ನುತ್ತಿದ್ದ. ಟೈಯವನು ‘ಹೊಸದಿದ್ರೆ ಸಾಕು ಸರ್’ ಎಂದು ಗುರುತು ಹಾಕಿಕೊಂಡ.

ಶೋರೂಮಿನಿಂದ ಹೊರಗೆ ಬಂದು ತನ್ನ ಲಾರಿ ಹತ್ತಿ ಮೊದಲ ಉಬ್ಬು ದಾಟುತ್ತಿದ್ದಂತೆಯೇ ಶುರುವಾಯಿತು. ಬೆನ್ನ ಹಿಂದೆ, ಎಲ್ಲೋ ಒಳಗೆ, ಧಡಕ್. ಮತ್ತೆ ಧಡಕ್ ಧಡಕ್. ಕಬ್ಬಿಣದ್ದೂ ಅಲ್ಲ, ಮರದ್ದೂ ಅಲ್ಲ, ಮುಚ್ಚಿದ ಬಾಗಿಲನ್ನು ಯಾರೋ ಮುಷ್ಟಿಯಿಂದ ಮೆಲ್ಲಗೆ ಬಡಿದ ಹಾಗೆ. ಲೋಡ್ ಇದ್ದಾಗ ಚಕ್ರದ ಮೇಲಿನ ಸ್ಪ್ರಿಂಗ್ ಪಟ್ಟೆಗಳು ಭಾರಕ್ಕೆ ಅಮರಿಕೊಂಡು ಗಾಡಿ ಗಂಭೀರವಾಗಿ ಹೋಗುತ್ತದೆ, ಆಗ ಸದ್ದಿಲ್ಲ. ಮಾಲು ಇಳಿಸಿ ಖಾಲಿ ಬರುವಾಗ, ಮನಸ್ಸಿಗೂ ಮಾಡಲು ಕೆಲಸವಿಲ್ಲದಾಗ, ಅದು ಬಡಿಯುತ್ತದೆ. ಮೂವರು ಮೆಕ್ಯಾನಿಕ್‌ಗಳಿಗೆ ತೋರಿಸಿದ್ದ. ಒಬ್ಬ ಪಟ್ಟೆ ಬದಲಿಸಿದ. ಇನ್ನೊಬ್ಬ ಕ್ಯಾಬಿನ್ ಕೂತಿರುವ ರಬ್ಬರು ಬದಲಿಸಿ, ಹೋಗದಿದ್ದಾಗ ಚಾಸಿಯಲ್ಲೇ ಬಿರುಕು ಇರಬೇಕು, ಈ ಗಾಡಿಯನ್ನು ಬೇಗ ದಾಟಿಸಿಬಿಡಿ ಅಂದ. ಮೂರನೆಯವನು ಸುತ್ತು ಹೊಡೆದು ಬಂದು ತನಗೇನೂ ಕೇಳಿಸಲಿಲ್ಲ ಅಂದುಬಿಟ್ಟ. ಅದು ಎಲ್ಲಕ್ಕಿಂತ ಕಷ್ಟವಾಯಿತು. ಆ ಸಂಜೆ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೇಕೆಂದೇ ಉಬ್ಬುಗಳಿರುವ ರಸ್ತೆಯಲ್ಲಿ ಓಡಿಸಿದ್ದ. ‘ಕೇಳಿಸ್ತಾ?’ ಎಂದರೆ ‘ಕೇಳಿಸ್ತು, ಅದಕ್ಕೇನೀಗ? ಮನೆ ಅಂದ್ಮೇಲೆ ಬಾಗಿಲು ಸದ್ದು ಮಾಡಲ್ವಾ?’ ಅಂದಿದ್ದಳು. ಅಂದರೆ ಸದ್ದು ಇದ್ದದ್ದು ನಿಜ. ಆ ಒಂದು ಮಾತಿಗೆ ಇವನಿಗೆ ಅವಳ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ ಹೇಳಲು ನಾಚಿಕೆಯಾಗಿ ಗೇರು ಬದಲಿಸಿದ್ದ.

ನಾಲ್ಕನೆಯವನಿಗೆ ತೋರಿಸಬಹುದಿತ್ತು. ಊರಿಗೆಲ್ಲ ಗೊತ್ತಿದ್ದದ್ದೇ, ಗಾಡಿಯ ಹೊಟ್ಟೆಯೊಳಗಿನ ಮಾತು ಕೇಳಿಸುವ ಕಿವಿ ಭಾವನದು. ಹದಿಮೂರು ತಿಂಗಳಿಂದ ಇವನು ಭಾವನ ಮೆಕ್ಯಾನಿಕ್ ಶೆಡ್ಡಿರುವ ರಸ್ತೆ ತುಳಿದಿಲ್ಲ. ಗೋದಾಮಿಗೆ ಹೋಗಲು ಅದೇ ಹತ್ತಿರದ ದಾರಿಯಾದರೂ ಸುತ್ತು ಬಳಸಿ ಹೋಗುತ್ತಾನೆ, ಆ ಸುತ್ತುದಾರಿಗೆ ಸುಟ್ಟ ಡೀಸೆಲ್ ಯಾರ ಲೆಕ್ಕಕ್ಕೂ ಬಂದಿಲ್ಲ. ಕಳೆದುಹೋದದ್ದು ಅಪ್ಪನ ಪಾನಾ. ತೋಳುದ್ದ, ಈಗಿನವುಗಳ ಎರಡರಷ್ಟು ತೂಕ, ಅಪ್ಪನ ಅಂಗೈ ಹಿಡಿದು ಹಿಡಿದು ನಡುವೆ ಕನ್ನಡಿಯಂತೆ ಹೊಳೆಯುತ್ತಿತ್ತು. ಭಾವ ಕೆಲಸ ಕಲಿತದ್ದೂ ಅಪ್ಪನ ಕೈಕೆಳಗೆ, ಆಮೇಲೆ ಅಳಿಯನಾದದ್ದು. ಆ ದಿನ ಭಾವನ ಶೆಡ್ಡಿನಲ್ಲಿ ಹಿಂದಿನ ಚಕ್ರ ಬಿಚ್ಚಿ ಹಾಕಿದ ಮೇಲೆ ಭಾವ ಪಾನಾವನ್ನು ಎರಡು ಕೈಯಲ್ಲೂ ತೂಗಿ ನೋಡಿ, ‘ಇಂಥಾದ್ದು ಈಗೆಲ್ಲಿ ಸಿಗುತ್ತೆ? ಮಾವ ಇದನ್ನ ನನಗೆ ಕೊಡ್ತೀನಿ ಅಂದಿದ್ರು ಗೊತ್ತಾ?’ ಎಂದು ನಕ್ಕಿದ್ದ. ಇವನೂ ನಕ್ಕಿದ್ದ. ನಾಲ್ಕು ದಿನದ ಮೇಲೆ ದಾರಿಯಲ್ಲಿ ಟೈರ್ ಪಂಕ್ಚರ್ ಆಗಿ ಮಲಗುವ ಹಲಗೆಯ ಕೆಳಗೆ ಕೈ ಹಾಕಿದರೆ ಪಾನಾ ಇಲ್ಲ. ಭಾವನನ್ನು ಮೊದಲ ಸಲ ಫೋನಿನಲ್ಲಿ ಕೇಳಿದ, ಮೆತ್ತಗೆ. ಎರಡನೆಯ ಸಲ ಅಕ್ಕನ ಮೂಲಕ ಕೇಳಿಸಿದ. ಮೂರನೆಯ ಸಲ ತಾನೇ ಹೋದ. ಶೆಡ್ಡಿನಲ್ಲಿ ಇಬ್ಬರು ಗಿರಾಕಿಗಳು ಕಾಯುತ್ತಿದ್ದರು, ಅವರ ಮುಂದೆಯೇ ನಗುನಗುತ್ತಾ ಅಂದ: ‘ಬೇಕಿದ್ರೆ ಇಟ್ಕೊಳ್ಳಿ ಭಾವ, ಬೇಡ ಅಂದೋರ್ಯಾರು? ಕೇಳಿ ಇಟ್ಕೊಳ್ಳಿ.’ ಗಿರಾಕಿಗಳಲ್ಲಿ ಒಬ್ಬ ನಕ್ಕ, ಇನ್ನೊಬ್ಬ ಮುಖ ತಿರುಗಿಸಿದ. ಭಾವ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಎಷ್ಟು ಚೆನ್ನಾಗಿತ್ತು. ಹತ್ತಿಯ ಬಟ್ಟೆ ತೆಗೆದುಕೊಂಡು ಒಂದೊಂದೇ ಬೆರಳು ಒರೆಸಿಕೊಂಡು ‘ಹುಡುಕ್ತೀನಿ’ ಅಂದ, ಅಷ್ಟೇ. ಆ ‘ಹುಡುಕ್ತೀನಿ’ಯನ್ನು ಇವನು ಇಷ್ಟು ದಿನ ಕಳ್ಳನ ಮಾತು ಎಂದೇ ತಿಳಿದುಕೊಂಡಿದ್ದ, ಅಥವಾ ತಿಳಿದುಕೊಳ್ಳಲು ಒದ್ದಾಡುತ್ತಿದ್ದ. ಈಗ ಅವನ ಹತ್ತಿರವೇ ಹೋಗಿ ಸಹಿ ಕೇಳಬೇಕು. ಲಾರಿ ಇನ್ನೊಂದು ಉಬ್ಬು ಹತ್ತಿ ಇಳಿಯಿತು, ಧಡಕ್ ಅಂತು.

ಮನೆಯ ಮುಂದೆ ಗಾಡಿ ನಿಲ್ಲಿಸಿ ಕ್ಯಾಬಿನ್ ಖಾಲಿ ಮಾಡತೊಡಗಿದ. ಹೆಂಡತಿ ಕೆಳಗೆ ಬುಟ್ಟಿ ಹಿಡಿದು ನಿಂತಳು, ಇವನು ಒಂದೊಂದೇ ಇಳಿಸಿದ. ಕಂಬಳಿ, ಎರಡು ದಿಂಬು, ಸೋರುವ ಫ್ಲಾಸ್ಕು, ಒಂಟಿ ಚಪ್ಪಲಿ, ಮಗಳು ನಾಲ್ಕನೇ ಕ್ಲಾಸಿನಲ್ಲಿ ಅಂಟಿಸಿದ್ದ ಹಳದಿ ಸೂರ್ಯ, ಯಾವ ಬೀಗದ್ದೆಂದು ಗೊತ್ತಿಲ್ಲದ ಮೂರು ಕೀಲಿಕೈ. ‘ಒಂದು ಸಂಸಾರವೇ ಇದೆಯಲ್ರೀ ಇಲ್ಲಿ. ನನಗೆ ಗೊತ್ತಿಲ್ಲದೆ ಇನ್ನೊಂದು ಮನೆ ಮಾಡಿದ್ರಿ ಅನ್ನಿ,’ ಅಂದಳು. ಹಳದಿ ಸೂರ್ಯನನ್ನು ಉಗುರಿನಿಂದ ಎಬ್ಬಿಸಲು ಹೋದವನು ಅರ್ಧ ಹರಿದು ಬಂದಾಗ ಕೈಬಿಟ್ಟ. ಇದನ್ನೂ ಎಕ್ಸ್‌ಚೇಂಜಿಗೆ ತೆಗೆದುಕೊಳ್ಳುತ್ತಾರೇನೋ ಎಂದುಕೊಂಡ. ಹೊಸ ಗಾಡಿಯ ಮಾತು ಎತ್ತಿದಾಗ ಅವಳು ಬೇಡ ಎಂದಿರಲಿಲ್ಲ. ‘ಹನ್ನೊಂದು ತಿಂಗಳು ಕಳೆದ್ರೆ ಇದು ನಮ್ದಾಗುತ್ತೆ. ಮತ್ತೆ ಐದು ವರ್ಷಕ್ಕೆ ಕೊರಳು ಕೊಡ್ತೀನಿ ಅಂದ್ರೆ ಕೊಡಿ, ಓಡಿಸೋರು ನೀವು,’ ಎಂದಿದ್ದಳು. ಬೇಡ ಎಂದಿದ್ದರೆ ಜಗಳವಾಡಬಹುದಿತ್ತು, ಜಗಳದ ಬಿಸಿಯಲ್ಲಿ ನಿರ್ಧಾರ ಮಾಡಿಬಿಡಬಹುದಿತ್ತು. ಸದ್ದಿಗಾಗಿ ಗಾಡಿ ಮಾರುತ್ತಿದ್ದೇನೆ ಎಂದು ಅವಳಿಗೆ ಹೇಗೆ ಹೇಳುವುದು?

ಅವಳು ಬುಟ್ಟಿ ಒಳಗಿಟ್ಟು ಬರಲು ಹೋದಳು. ಇವನು ಮಲಗುವ ಹಲಗೆಯ ಹಿಂದೆ ಗುಡಿಸಲು ಬಾಗಿದ. ಕ್ಯಾಬಿನ್ನಿನ ಹಿಂದಿನ ತಗಡಿಗೆ ಒಳಗಿನಿಂದ ಪ್ಲೈವುಡ್ ಹೊಡೆದಿದ್ದರು, ಅದರ ಮೇಲಂಚು ಗೋಡೆಯಿಂದ ಮೂರು ಬೆರಳಷ್ಟು ಬಿಟ್ಟುಕೊಂಡಿತ್ತು. ಪೊರಕೆಯ ತುದಿ ಆ ಸಂದಿಯೊಳಗೆ ಹೋಗಿ ಯಾವುದಕ್ಕೋ ಸಿಕ್ಕಿಕೊಂಡಿತು. ಎಳೆದರೆ ಒಂದು ತುಂಡು ಹುರಿ ಬಂತು. ಟಾರ್ಚ್ ಬಿಟ್ಟು ನೋಡಿದ. ಸಂದಿಯ ಆಳದಲ್ಲಿ, ಗೋಣಿಚೀಲ ಸುತ್ತಿಕೊಂಡು, ಏನೋ ಒಂದು ನೆಟ್ಟಗೆ ನಿಂತಿತ್ತು. ಚೀಲದ ಬಾಯಿಗೆ ಎರಡು ಸುತ್ತು ಬಳಸಿ ಒಳಗಿನಿಂದ ಎಳೆದ ಗಂಟು. ಟಾರ್ಪಾಲಿನ ಹಗ್ಗಕ್ಕೆ ಹಾಗೆ ಗಂಟು ಹಾಕುವುದನ್ನು ಅಪ್ಪ ಇವನಿಗೊಬ್ಬನಿಗೇ ಕಲಿಸಿದ್ದ, ಭಾವನಿಗೆ ಕೊನೆಗೂ ಅದು ಬರಲೇ ಇಲ್ಲ. ಕೈ ಇಳಿಸಿ ಮುಟ್ಟಿದ. ಗೋಣಿಯ ಒಳಗೆ ತಣ್ಣಗೆ, ಭಾರವಾಗಿ, ಅದೇ.

ಎಲ್ಲ ನೆನಪಾಯಿತು, ಒಮ್ಮೆಗೇ, ತಡೆಯಿಲ್ಲದೆ. ಆ ದಿನ ಎರಡು ದಿನದ ನಿದ್ದೆಗೆಟ್ಟು ಬಂದಿದ್ದ. ಭಾವ ‘ಮಾವ ನನಗೆ ಕೊಡ್ತೀನಿ ಅಂದಿದ್ರು’ ಎಂದು ನಕ್ಕು ಕೈ ತೊಳೆಯಲು ಹೋದಾಗ ಇವನು ಪಾನಾವನ್ನು ಕೈಗೆತ್ತಿಕೊಂಡಿದ್ದ. ಯಾರ್ಡುಗಳಲ್ಲಿ ಕಳ್ಳರ ಕಾಟಕ್ಕೆ ಪಾನಾವನ್ನು ಹಲಗೆಯ ಕೆಳಗೆ ಬಚ್ಚಿಡುವುದು ವಾಡಿಕೆ, ಆದರೆ ಆ ಜಾಗ ಭಾವನಿಗೆ ಗೊತ್ತು. ಭಾವ ಕೇಳಿಬಿಟ್ಟರೆ ಇಲ್ಲ ಎನ್ನಲಾಗುವುದಿಲ್ಲ. ಅದಕ್ಕೇ ಗೋಣಿಯಲ್ಲಿ ಸುತ್ತಿ, ಗಂಟು ಹಾಕಿ, ಸಂದಿಯಲ್ಲಿ ಇಳಿಬಿಟ್ಟು ಹುರಿಯನ್ನು ಮೊಳೆಗೆ ಸಿಗಿಸಿದ್ದ. ಮನೆಗೆ ಬಂದು ಹದಿನಾರು ಗಂಟೆ ನಿದ್ದೆ ಹೊಡೆದ. ಎದ್ದಾಗ ಅಷ್ಟೂ ತೊಳೆದುಹೋಗಿತ್ತು. ಯಾರಿಂದ ಬಚ್ಚಿಟ್ಟನೋ ಅವನನ್ನೇ ಹಿಡಿದು ಎಲ್ಲಿಟ್ಟಿದ್ದೀರಿ ಎಂದು ಕೇಳಿದ್ದ. ಒಬ್ಬನೇ ಆ ಹಲಗೆಯ ಮೇಲೆ ಮೊಣಕಾಲೂರಿ ಕೂತವನ ಮುಖ ಕಿವಿಯ ತನಕ ಬಿಸಿಯಾಯಿತು. ನೋಡುವವರು ಯಾರೂ ಇರಲಿಲ್ಲ, ಆದರೂ ಟಾರ್ಚ್ ಆರಿಸಿದ.

ಮುಂದಿನ ಯೋಚನೆ ಎಷ್ಟು ಸಲೀಸಾಗಿ ಬಂತೆಂದರೆ, ಅದೂ ಮೊದಲೇ ಒಳಗೆ ಕಾದು ಕೂತಿತ್ತೇನೋ. ಮುಟ್ಟದೆ ಬಿಟ್ಟುಬಿಡುವುದು. ನಾಲ್ಕೂವರೆಗೆ ಗಾಡಿಯ ಜೊತೆ ಅದೂ ಹೋಗುತ್ತದೆ. ಯಾವುದೋ ಊರಿನ ಯಾರೋ ಕೊಂಡು ಓಡಿಸುತ್ತಾರೆ, ಅವರ ಬೆನ್ನ ಹಿಂದೆ ಬಡಿದುಕೊಂಡಿರಲಿ. ಭಾವ ಕದ್ದದ್ದು ಕದ್ದದ್ದಾಗಿಯೇ ಉಳಿಯುತ್ತದೆ, ನಾಲ್ಕು ವರ್ಷದಲ್ಲಿ ಎಲ್ಲ ಹಳೆಯದಾಗಿ ಒಂದು ದಿನ ಮಾತು ಶುರುವಾಗುತ್ತದೆ, ಕ್ಷಮಿಸಿದವನು ಇವನೇ ಆಗಿರುತ್ತಾನೆ. ಹೊಸ ಗಾಡಿ ಬೇಕೆನಿಸಿದ್ದು ಇದಕ್ಕೇ ಇರಬೇಕು ಎಂದು ಅನ್ನಿಸಿ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಹಾಗಿದ್ದೂ ಕೈ ತನ್ನ ಪಾಡಿಗೆ ಪೊರಕೆ ಎತ್ತಿಕೊಂಡು ಗುಡಿಸಿತು. ಹೆಂಡತಿ ಹಿಂತಿರುಗಿ ಬಂದು ‘ಏನಾದ್ರೂ ಸಿಕ್ತಾ?’ ಅಂದಳು. ‘ಏನಿಲ್ಲ, ಧೂಳು,’ ಅಂದ. ಹೊರಡುವಾಗ ಅವಳು ಒಂದು ಕೊಡೆ ತಂದು ಪಕ್ಕದ ಸೀಟಿನ ಮೇಲಿಟ್ಟಳು. ‘ಅಕ್ಕನದು. ಹೋದ ವರ್ಷ ಇಲ್ಲೇ ಬಿಟ್ಟು ಹೋಗಿದ್ರು. ಹೇಗೂ ಸಹಿಗೆ ಹೋಗ್ತಿದೀರಲ್ಲ, ಕೊಟ್ಬಿಡಿ. ನಾವು ಇಟ್ಕೊಂಡೆವು ಅಂತ ಅವ್ರೇನೂ ಅಂದಿಲ್ಲ ಪಾಪ.’ ಮಾತನ್ನು ಎಲ್ಲಿಗೆ ಹೊಡೆಯಬೇಕೆಂದು ಗೊತ್ತಿದ್ದು ಹೊಡೆದಳೋ, ಸುಮ್ಮನೆ ಅಂದಳೋ, ಅವಳ ಮುಖ ನೋಡಿ ತಿಳಿಯಲಿಲ್ಲ.

ದಾರಿಯುದ್ದಕ್ಕೂ ಅದು ಬಡಿಯಿತು. ಇಷ್ಟು ದಿನ ಗಾಡಿಯ ರೋಗ ಎಂದು ಕೇಳಿಸುತ್ತಿದ್ದುದು ಈಗ ಪಾನಾ ಪಾನಾ ಎಂದೇ ಕೇಳಿಸತೊಡಗಿತು. ಉಬ್ಬು ಬಂದಲ್ಲಿ ಇವನು ಗಾಜಿನ ಸಾಮಾನು ಹೊತ್ತವನ ಹಾಗೆ ನಿಧಾನಿಸಿದ. ಮನಸ್ಸಿನಲ್ಲಿ ಮಾತು ಜೋಡಿಸಿಕೊಂಡ: ಗಾಡಿ ಹೊರಗೆ ರಸ್ತೆಯಲ್ಲೇ ನಿಲ್ಲಿಸುವುದು, ಕೊಡೆ ಅಕ್ಕನ ಕೈಗೆ ಕೊಡುವುದು, ಕಾಗದ ಭಾವನ ಮುಂದೆ ಹಿಡಿಯುವುದು. ಅವನು ಸಹಿ ಹಾಕಲಿ, ಬಿಡಲಿ. ಹಾಕದಿದ್ದರೆ ಇನ್ನೂ ಒಳ್ಳೆಯದು, ಆಗ ಇಬ್ಬರೂ ಸಮ ಆಗುತ್ತೇವೆ. ಶೆಡ್ಡಿನ ಹತ್ತಿರ ಬಂದಾಗ ರಸ್ತೆಯಲ್ಲಿ ಜಲ್ಲಿ ಸುರಿದು ನಿಲ್ಲಿಸಲು ಜಾಗವೇ ಇರಲಿಲ್ಲ. ಹಿಂದಿನಿಂದ ಯಾರೋ ಹಾರ್ನ್ ಹೊಡೆದರು. ಬೇರೆ ದಾರಿಯಿಲ್ಲದೆ ಶೆಡ್ಡಿನ ಕಡೆ ತಿರುಗಿಸಿದ. ಅಲ್ಲಿ ಚರಂಡಿಯ ಮೇಲೆ ಹಾಸಿದ್ದ ಸಿಮೆಂಟ್ ಚಪ್ಪಡಿ ಒಂದು ಕಡೆ ಎದ್ದಿತ್ತು, ಅದು ಮೊದಲಿನಿಂದಲೂ ಹಾಗೇ. ಮುಂದಿನ ಚಕ್ರ ಹತ್ತಿ ಇಳಿಯಿತು, ಹಿಂದಿನದು ಹತ್ತಿ ಇಳಿಯಿತು. ಧಡಕ್.

ಒಂದು ಎಂಜಿನ್ನಿನ ಮೇಲೆ ಬಾಗಿದ್ದ ಭಾವ ತಲೆ ಎತ್ತಲಿಲ್ಲ, ಆದರೆ ಕೈ ನಿಂತಿತು. ಸೊರಗಿದ್ದ. ಇವನು ಕೆಳಗಿಳಿಯಲು ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಭಾವನೇ ಹತ್ತಿರ ಬಂದ. ಹದಿಮೂರು ತಿಂಗಳಿನ ಮೇಲೆ ಅವನ ಬಾಯಿಂದ ಬಂದ ಮೊದಲ ಮಾತು: ‘ಹಿಂದಕ್ಕೆ ತಗೊಂಡು ಇನ್ನೊಂದ್ಸಲ ಬಾ.’ ಇವನು ಗಾಡಿ ಹಿಂದಕ್ಕೆ ತೆಗೆದು ಮತ್ತೆ ಚಪ್ಪಡಿಯ ಮೇಲೆ ಹತ್ತಿಸಿದ. ಭಾವ ಕಣ್ಣು ಮುಚ್ಚಿ ನಿಂತಿದ್ದ. ‘ಖಾಲಿ ಇದ್ದಾಗ ಮಾತ್ರ ಬರುತ್ತೆ ಅಲ್ವಾ?’ ‘ಹೌದು.’ ‘ಎಷ್ಟು ದಿನದಿಂದ?’ ‘ಆಯ್ತು... ಒಂದು ವರ್ಷ.’ ‘ಇಷ್ಟು ದಿನ ಇದನ್ನಿಟ್ಕೊಂಡು ಓಡಾಡಿದ್ಯಲ್ಲೋ. ಕ್ಯಾಬಿನ್ ಹಿಂದಿನ ಗೋಡೆಯೊಳಗೆ ಏನೋ ನಿಂತಿದೆ. ಉದ್ದಕ್ಕಿದೆ, ಭಾರದ್ದು. ಸುತ್ತ ಬಟ್ಟೆ ಗಿಟ್ಟೆ ಇದೆ. ಐದು ನಿಮಿಷದ ಕೆಲ್ಸ, ಇಳಿ,’ ಎಂದು ಸ್ಕ್ರೂಡ್ರೈವರ್ ತರಲು ಒಳಗೆ ಹೋದ. ಅವನು ಹೋದ ಕಡೆಗೇ ಇವನ ಕಣ್ಣು ಹೋಯಿತು. ಶೆಡ್ಡಿನ ಗೋಡೆಯಲ್ಲಿ ಒಂದು ದೊಡ್ಡ ಹಲಗೆ, ಹಿಂದೆ ಇದು ಇರಲಿಲ್ಲ. ಅದರ ಮೇಲೆ ಒಂದೊಂದು ಉಪಕರಣದ ಆಕಾರವನ್ನೂ ಬಿಳಿ ಬಣ್ಣದಲ್ಲಿ ಬರೆದು, ಆ ಗೆರೆಯೊಳಗೆ ಆಯಾ ಉಪಕರಣ ತೂಗುಹಾಕಿತ್ತು. ಸುತ್ತಿಗೆಗೆ ಸುತ್ತಿಗೆಯ ಗೆರೆ, ಇಕ್ಕಳಕ್ಕೆ ಇಕ್ಕಳದ್ದು, ಕೆಳಗೆ ನಂಬರು. ಭಾವ ಸ್ಕ್ರೂಡ್ರೈವರ್ ತೆಗೆದುಕೊಂಡಾಗ ಅಲ್ಲಿ ಅದರ ಬಿಳಿ ಗೆರೆ ಮಾತ್ರ ಉಳಿಯಿತು. ಮೊದಲೆಲ್ಲ ಯಾವ ಸಾಮಾನನ್ನೂ ಎಲ್ಲೆಂದರಲ್ಲಿ ಎಸೆದು, ಬೇಕಾದಾಗ ಕಣ್ಣು ಮುಚ್ಚಿ ಎತ್ತಿಕೊಳ್ಳುತ್ತಿದ್ದ ಮನುಷ್ಯ.

ಭಾವ ಮೆಟ್ಟಿಲಿಗೆ ಕಾಲಿಟ್ಟ. ಇವನು ಬಾಗಿಲಿಗೆ ಅಡ್ಡ ಕೂತೇ ಇದ್ದ. ‘ಸ್ವಲ್ಪ ಸರ್ಕೊಳ್ಳಪ್ಪ, ನೋಡ್ತೀನಿ.’ ‘ಬೇಡ ಭಾವ. ಅದು ಪಾನಾ.’ ‘ಯಾವ ಪಾನಾ?’ ‘ಅಪ್ಪನ ಪಾನಾ.’ ಒಮ್ಮೆ ಬಾಯಿ ಬಿಟ್ಟ ಮೇಲೆ ಇವನಿಗೆ ನಿಲ್ಲಿಸಲು ಆಗಲಿಲ್ಲ. ‘ನಾನೇ ಇಟ್ಟಿದ್ದೆ. ನೀವು ಕೇಳ್ತೀರಿ ಅಂತ ನಿಮ್ಮಿಂದಲೇ ಬಚ್ಚಿಟ್ಟಿದ್ದೆ. ಮರೆತುಹೋಯ್ತು. ಮರೆತು ನಿಮ್ಮನ್ನ ಅಂದೆ. ಇವತ್ತು ಮಧ್ಯಾಹ್ನ ಸಿಕ್ತು. ಸಿಕ್ಕಿದ್ಮೇಲೂ ಹೇಳಬಾರ್ದು ಅಂದ್ಕೊಂಡಿದ್ದೆ ಭಾವ. ಗಾಡಿ ಜೊತೆ ದಾಟಿಸಿಬಿಡೋಣ ಅಂತ.’ ಬೈಯುತ್ತಾನೆ ಎಂದು ಕಾದ. ಹೊಡೆದರೂ ಹೊಡೆಯಲಿ ಎಂದು ಕಾದ. ಭಾವನ ಮುಖದಲ್ಲಿ ಇದ್ಯಾವುದೂ ಇರಲಿಲ್ಲ. ಅವನಿಗೆ ಮೊದಲ ಮಾತು ಬಿಟ್ಟು ಉಳಿದದ್ದು ಕೇಳಿಸಿದಂತೆಯೇ ಕಾಣಲಿಲ್ಲ. ಮೆಟ್ಟಿಲ ಮೇಲೆ ಒಂದು ಕಾಲಿಟ್ಟುಕೊಂಡೇ, ‘ಹಾಗಾದ್ರೆ ನನ್ ಹತ್ರ ಇರ್ಲಿಲ್ಲ,’ ಅಂದ. ‘ಇಲ್ಲ ಭಾವ.’ ‘ನಾನು ಎಲ್ಲೂ ಇಟ್ಟು ಮರೆತಿದ್ದಲ್ಲ.’ ‘ಅಲ್ಲ ಭಾವ.’ ‘ಖಂಡಿತಾ?’ ಇವನು ಒಳಗೆ ಬಗ್ಗಿ, ಸಂದಿಯಲ್ಲಿ ಭುಜದ ತನಕ ಕೈಯಿಳಿಸಿ, ಗೋಣಿ ಸಮೇತ ಎಳೆದು ತೆಗೆದು ಅವನ ಕೈಗೆ ಕೊಟ್ಟ. ಭಾವ ಗಂಟು ನೋಡಿದ, ಬಿಚ್ಚಲು ನೋಡಿದ, ಬರಲಿಲ್ಲ. ‘ಈ ಹಾಳು ಗಂಟು,’ ಎಂದು ಚಾಕುವಿನಿಂದ ಕತ್ತರಿಸಿದ. ನಡುವೆ ಹೊಳೆಯುತ್ತಿದ್ದ ಕಬ್ಬಿಣ ಕೈಗೆ ಬಂದದ್ದೇ ಅಲ್ಲೇ ಒಂದು ಹಳೆಯ ಟೈರಿನ ಮೇಲೆ ಕೂತುಬಿಟ್ಟ. ‘ಏನೇ, ಬಾರೇ ಇಲ್ಲಿ,’ ಎಂದು ಶೆಡ್ಡಿನ ಹಿಂದಿನ ಮನೆಯ ಕಡೆ ಕೂಗಿದ, ‘ಸಿಕ್ತು ಕಣೇ. ನಾನಲ್ವಂತೆ.’

ಅಕ್ಕ ಬಂದಳು. ತಮ್ಮನನ್ನು ನೋಡಿದಳು, ಗಂಡನ ತೊಡೆಯ ಮೇಲಿದ್ದ ಪಾನಾ ನೋಡಿದಳು, ಯಾರೂ ಹೇಳದೆಯೇ ಅವಳಿಗೆ ಎಲ್ಲ ತಿಳಿಯಿತು. ಸೀಟಿನ ಮೇಲಿದ್ದ ಕೊಡೆ ಕಣ್ಣಿಗೆ ಬಿದ್ದು ಅದನ್ನೇ ಎಳೆದುಕೊಂಡು ಇವನ ಭುಜಕ್ಕೆ ಒಂದು ಬಿಟ್ಟಳು, ತಾಳಲಾರದೆ ಇನ್ನೊಂದು ಬಿಟ್ಟಳು. ‘ಕತ್ತೆ. ಮೂರು ಸಲ ಶೆಡ್ ಪೂರ್ತಿ ಬರಿದು ಮಾಡಿ ಹುಡುಕಿದಾರೆ ಕಣೋ. ಮನೇಲಿ ನನ್ ಪೆಟ್ಟಿಗೆನೂ ಬಿಡಲಿಲ್ಲ. ಇವರಪ್ಪಂಗೆ ಕೊನೆಗಾಲದಲ್ಲಿ ಮರೆವಾಗಿತ್ತಲ್ಲ, ನಂಗೂ ಅದೇ ಶುರುವಾಯ್ತು, ಅಪ್ಪಂಗೂ ಹೀಗೇ ಶುರುವಾಗಿದ್ದು ಅಂತ ಊಟ ಬಿಟ್ಟಿದ್ರು. ಡಾಕ್ಟರ ಹತ್ರ ಕರ್ಕೊಂಡ್ ಹೋದೆ. ಅವ್ರು ಏನಿಲ್ಲ ಅಂದ್ರೆ ನಂಬ್ತಾರಾ? ನಿನ್ ತಮ್ಮನ ಪಾನಾ ಎಲ್ಲಿ ಹೋಯ್ತು ಹಾಗಾದ್ರೆ, ಅಂತಾರೆ.’ ಅವಳು ಬೈಯುತ್ತಿದ್ದಳು, ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಮುಖ ಮಾತ್ರ ನಗುತ್ತಿತ್ತು. ಇವನು ಗೋಡೆಯ ಹಲಗೆಯನ್ನು ಮತ್ತೆ ನೋಡಿದ. ತನ್ನನ್ನು ಕಳ್ಳ ಎಂದದ್ದಕ್ಕೆ ಭಾವ ಕುದಿಯುತ್ತಿರುತ್ತಾನೆ ಎಂದು ತಾನು ರಸ್ತೆ ಬಿಟ್ಟು ರಸ್ತೆ ಹೋಗುತ್ತಿದ್ದಾಗ, ಈ ಮನುಷ್ಯ ತನ್ನ ತಲೆಯೇ ತನಗೆ ಮೋಸ ಮಾಡುತ್ತಿದೆ ಎಂದು ಸುತ್ತಿಗೆ ಇಕ್ಕಳಗಳ ಸುತ್ತ ಗೆರೆ ಬರೆಯುತ್ತಾ ಕೂತಿದ್ದ. ಕೆಳಗಿಳಿದು ಭಾವನ ಪಕ್ಕದಲ್ಲಿ ಅದೇ ಟೈರಿನ ಮೇಲೆ ಒತ್ತರಿಸಿಕೊಂಡು ಕೂತ. ಭಾವ ಸ್ವಲ್ಪ ಸರಿದು ಜಾಗ ಕೊಟ್ಟ.

‘ಅದಿರ್ಲಿ, ಇವತ್ತು ಬಂದಿದ್ದೇನಕ್ಕೆ?’ ಅಂದ ಭಾವ. ‘ಸಹಿಗೆ. ಗಾಡಿ ಕೊಟ್ಟು ಹೊಸದು ತಗೊಳ್ಳೋಣ ಅಂತ. ಜಾಮೀನಿಗೆ...’ ‘ಎಲ್ಲಿ ಹಾಕ್ಬೇಕು, ತಾ.’ ಕೈ ಮುಂದೆ ಚಾಚಿಯೇಬಿಟ್ಟ, ಅದೇ ಗ್ರೀಸ್ ಕೈ. ಇವನಿಗೆ ಅದನ್ನು ತಡೆಯಲಾಗಲಿಲ್ಲ. ಒಂದು ಬೈಗುಳವನ್ನಾದರೂ ಮಧ್ಯೆ ಇಟ್ಟು ಆಮೇಲೆ ಕೈ ಚಾಚಬಾರದಿತ್ತೇ ಎಂದು ಅಳು ಬಂದು, ಅಕ್ಕನ ಮುಂದೆ, ಮುಖ ಮುಚ್ಚಿಕೊಳ್ಳಲು ಪುರಸೊತ್ತಿಲ್ಲದೆ ಅತ್ತುಬಿಟ್ಟ. ‘ಬೇಡ ಭಾವ. ಆ ಗಾಡಿ ನನಗ್ಯಾಕೆ?’ ಅಂದ. ಹೇಳಿದ ಮೇಲೆಯೇ ಅದು ನಿಜವೆಂದು ಗೊತ್ತಾಯಿತು. ಫೋನು ಬಡಿದುಕೊಳ್ಳತೊಡಗಿತು, ಟೈಯವನು. ‘ಸರ್, ಬೆಲೆ ಕಟ್ಟೋರು ಕಾಯ್ತಿದಾರೆ, ಎಲ್ಲಿದೀರಾ?’ ಇವನು ಮೂಗು ಒರೆಸಿಕೊಂಡು, ‘ಬರಲ್ಲ ಸರ್. ಗಾಡಿ ರಿಪೇರಿ ಆಯ್ತು,’ ಅಂದ. ಆಚೆಯವನು ಇನ್ನೂ ಏನೇನೋ ಹೇಳುತ್ತಿದ್ದ. ಈ ಸಲ ಇವನು ತಲೆಯಾಡಿಸಲಿಲ್ಲ, ಪೂರ್ತಿ ಕೇಳಿಸಿಕೊಂಡು ಇಲ್ಲ ಅಂದ, ಫೋನ್ ಇಟ್ಟ. ಎದೆಯ ಮೇಲಿನ ಭಾರ ಇಳಿದು ಉಸಿರು ಹೊಟ್ಟೆಯ ತನಕ ಹೋಯಿತು. ಇನ್ನು ಹನ್ನೊಂದೇ ಕಂತು.

ಪಾನಾವನ್ನು ಭಾವನೇ ಇಟ್ಟುಕೊಳ್ಳಲಿ ಎಂದು ಇವನು ಹಟ ಹಿಡಿದ. ಭಾವ ಗೋಡೆ ತೋರಿಸಿ, ‘ಜಾಗ ಎಲ್ಲಿದೆಯಪ್ಪ, ಎಲ್ಲಾ ಭರ್ತಿ,’ ಎಂದು ಅದನ್ನು ಡ್ರೈವರ್ ಸೀಟಿನ ಪಕ್ಕ, ಎಲ್ಲರಿಗೂ ಕಾಣುವ ಹಾಗೆ, ಎರಡು ಪಟ್ಟಿ ಹೊಡೆದು ಕೂರಿಸಿದ. ಆಮೇಲೆ ನೋಡೇಬಿಡೋಣ ಎಂದು ತಾನೇ ಸ್ಟೀರಿಂಗಿಗೆ ಕೂತ. ಅಕ್ಕ ಕೊಡೆ ಹಿಡಿದುಕೊಂಡೇ ನಡುವೆ ಹತ್ತಿದಳು, ಇವನು ಕಿಟಕಿಯ ಕಡೆ, ಅರ್ಧ ಹರಿದ ಹಳದಿ ಸೂರ್ಯನ ಪಕ್ಕ. ಚಪ್ಪಡಿಯ ಮೇಲೆ ಹತ್ತಿಸಿದರು, ಇಳಿಸಿದರು. ಮೂವರೂ ಉಸಿರು ಹಿಡಿದು ಕೇಳಿದರು. ಏನೂ ಇಲ್ಲ. ರಸ್ತೆಯ ಕೊನೆಯ ತನಕ ಹೋಗಿ ಇರುವ ಉಬ್ಬುಗಳನ್ನೆಲ್ಲ ಹುಡುಕಿಕೊಂಡು ದಾಟಿದರು. ಎಂಜಿನ್ನಿನ ಗುರ್ ಎನ್ನುವ ಸದ್ದು, ಅಕ್ಕನ ಬಳೆ, ಅಷ್ಟೇ. ‘ಇನ್ನೊಂದ್ಸಲ ಹೋಗ್ರೀ,’ ಅಂದಳು ಅಕ್ಕ, ಭಾವ ಮರುಮಾತಿಲ್ಲದೆ ತಿರುಗಿಸಿದ.

ಶೆಡ್ಡಿಗೆ ಹಿಂತಿರುಗುವ ಹೊತ್ತಿಗೆ ಬಿಸಿಲು ಇಳಿದಿತ್ತು. ‘ಮನೆಗೆ ನಡಿ, ಊಟ ಮಾಡ್ಕೊಂಡು ಹೋಗುವಿಯಂತೆ. ಅವಳಿಗೂ ಫೋನ್ ಮಾಡು, ಬರ್ಲಿ,’ ಎಂದು ಅಕ್ಕ ಒಳಗೆ ನಡೆದಳು. ಭಾವ ದೀಪ ಆರಿಸಿ ಷಟರ್ ಅರ್ಧ ಎಳೆದವನು ತಡೆದು ನಿಂತು ಒಳಗೆ ಬಗ್ಗಿದ. ಬೆರಳು ಗೋಡೆಯ ಹಲಗೆಯ ಕಡೆ ಎದ್ದಿತು, ತುಟಿ ಒಂದು, ಎರಡು ಎಂದು ಆಡಿತು. ಹದಿಮೂರು ತಿಂಗಳು ದಿನವೂ ಹೀಗೆ ಎಣಿಸಿಯೇ ಮನೆಗೆ ಹೋಗುತ್ತಿದ್ದನೆಂದು ಇವನಿಗೆ ಯಾರೂ ಹೇಳಬೇಕಾಗಲಿಲ್ಲ. ಮೂರಕ್ಕೆ ಬಂದ ಬೆರಳು ಅಲ್ಲೇ ನಿಂತಿತು. ಭಾವ ಹಿಂತಿರುಗಿ ಇವನ ಮುಖ ನೋಡಿ, ಸಿಕ್ಕಿಬಿದ್ದವನ ಹಾಗೆ ನಕ್ಕ. ‘ಹಾಳಾಗ್ಲಿ ಬಿಡು,’ ಎಂದು ಷಟರನ್ನು ನೆಲದ ತನಕ ಎಳೆದ.